ವಾರದ ಚಂದನ ನೋಡಲು ಯಾವುದು ವಾಸಿ: ಡಿಶ್, ವೇವ್ಸ್, ಯೂಟ್ಯೂಬ್

‘ಥಟ್ ಅಂತ ಹೇಳಿ’ ನೋಡುತ್ತಿರುವಾಗ ಪಕ್ಕದ ಮನೆಯಿಂದ ಉತ್ತರ ಮೊದಲೇ ಕೇಳಿಸಿತೇ? ಹಾಗಿದ್ದರೆ ಅವರದು ಡಿಶ್, ನಿಮ್ಮದು ಆ್ಯಪ್. ಇಂಟರ್‌ನೆಟ್‌ನ ನೇರಪ್ರಸಾರ ಬರುವುದೇ ತುಂಡು ತುಂಡಾಗಿ. ಕೆಲವು ತುಂಡುಗಳು ಕೂಡಿಕೊಂಡ ಮೇಲಷ್ಟೇ ಚಿತ್ರ ಓಡುವುದು, ಹಾಗಾಗಿ ಡಿಶ್‌ಗಿಂತ ಸುಮಾರು ಅರ್ಧ ನಿಮಿಷ ಹಿಂದೆ. ಡಾ. ನಾ. ಸೋಮೇಶ್ವರ ಇಲ್ಲಿ ಪ್ರಶ್ನೆ ಓದುತ್ತಿದ್ದರೆ ಗೋಡೆಯಾಚೆ ಉತ್ತರ ಕೂಗಿ ಮುಗಿದಿರುತ್ತದೆ. 2002ರಿಂದ ಬರುತ್ತಿರುವ ಈ ಕ್ವಿಜ್‌ನಲ್ಲಿ ಬಹುಮಾನ ಪುಸ್ತಕ. ಆದರೂ ಮನೆಮಂದಿಯ ಪೈಪೋಟಿಗೆ ಕೊರತೆ ಇಲ್ಲ. ಇದಕ್ಕೆ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ಶೇ ಸರಿ.

ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಖರ್ಚೆಲ್ಲ ಒಮ್ಮೆಗೇ. ಹೊಸದಾಗಿ ಕೊಳ್ಳುವವರು ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಬಾಕ್ಸ್ ಕೊಳ್ಳಿ, ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ವಾಹಿನಿಗಳು ಬರುವುದೇ ಇಲ್ಲ. ಉಪಗ್ರಹ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಬೆಂಗಳೂರಿನಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಎತ್ತರದಲ್ಲಿ. ಆ ದಿಕ್ಕಿನಲ್ಲಿ ತೆಂಗಿನ ಗರಿ ಅಡ್ಡ ಇರಬಾರದು. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗ) 9750/10600 ಎಂದಿರಲಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ: ‘ಸ್ಟ್ರೆಂತ್’ ಏರಿದ್ದರೆ ಕೇಬಲ್, ಎಲ್‌ಎನ್‌ಬಿ ಕೆಲಸ ಮಾಡುತ್ತಿವೆ ಎಂದಷ್ಟೇ, ಚಿತ್ರ ಬರಬೇಕಾದರೆ ‘ಕ್ವಾಲಿಟಿ’ ಏರಬೇಕು. ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಎರಡು ಮೂರು ಸೆಕೆಂಡ್ ಕಾದು, ಪಟ್ಟಿ ನೋಡಿ, ಮತ್ತೆ ತಿರುಗಿಸಿ. ಸರಸರ ತಿರುಗಿಸಿದರೆ ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಪುರುಸೊತ್ತೇ ಸಿಗುವುದಿಲ್ಲ. ಎಷ್ಟು ತಿರುಗಿಸಿದರೂ ಎರಡೂ ಪಟ್ಟಿ ಸೊನ್ನೆಯೇ ಆದರೆ ಕನೆಕ್ಟರ್ ಬಿಚ್ಚಿ ನೋಡಿ. ಕೇಬಲ್‌ನ ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಸಾಕು, ಎಲ್ಲ ನಿಂತುಹೋಗುತ್ತದೆ.

ಜೋರು ಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಈ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ, ಮಳೆ ಇಳಿಯುವ ತನಕ ಕಾಯುವುದೊಂದೇ ದಾರಿ. ಮಾರ್ಚ್ ನಡುವಿಗೆ ಮತ್ತು ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಕಡೆ ಕೆಲವು ದಿನ ಬೆಳಗ್ಗೆ ಹನ್ನೊಂದರ ಆಸುಪಾಸು ಕೆಲವು ನಿಮಿಷ ಸಿಗ್ನಲ್ ಹೋದರೆ ಡಿಶ್ಶನ್ನು ಮುಟ್ಟಬೇಡಿ. ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಬಂದಿರುತ್ತಾನೆ.

ಡಿಶ್‌ನ ನಿಜವಾದ ಬಲ ರೆಕಾರ್ಡಿಂಗ್. ಎಷ್ಟೋ ಬಾಕ್ಸ್‌ಗಳಲ್ಲಿ ಯುಎಸ್‌ಬಿ ಕಿಂಡಿ ಇದೆ. 32 ಜಿಬಿ ಪೆನ್‌ಡ್ರೈವ್ ಹಾಕಿದರೆ ಒಂದು ವಾರದ ಮೆಚ್ಚಿನ ಕಾರ್ಯಕ್ರಮಗಳು ಹಿಡಿಯುತ್ತವೆ. ಟೈಮರ್ ಇಡುವ ಮುಂಚೆ ಟೈಮ್ ಝೋನ್ +5:30 ಇದೆಯೇ ನೋಡಿ. ಅದು ತಪ್ಪಿದ್ದರೆ ಸಂಗೀತದ ಬದಲು ಬೇರೇನೋ ದಾಖಲಾಗುತ್ತದೆ. ಹೇಳಿದ ಸಮಯಕ್ಕೆ 5 ನಿಮಿಷ ಮೊದಲು ಶುರುಮಾಡಿ, 10 ನಿಮಿಷ ತಡವಾಗಿ ಮುಗಿಸಿ. ಮಲಗುವಾಗ ಬಾಕ್ಸನ್ನು ರಿಮೋಟ್‌ನಿಂದ ಸ್ಟ್ಯಾಂಡ್‌ಬೈಗೆ ಹಾಕಿ, ಗೋಡೆಯ ಸ್ವಿಚ್ ಆರಿಸಬೇಡಿ. ಕೆಲವು ಬಾಕ್ಸ್‌ಗಳು ಸ್ಟ್ಯಾಂಡ್‌ಬೈನಲ್ಲಿ ಟೈಮರ್ ಮರೆಯುತ್ತವೆ, ಐದು ನಿಮಿಷದ ಸಣ್ಣ ಟೈಮರ್ ಇಟ್ಟು ಮೊದಲೇ ಪರೀಕ್ಷಿಸಿ.

ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್ ಬಸ್ಸು, ರೈಲಿನಲ್ಲಿರುವವರಿಗೆ ಒಳ್ಳೆಯದು. ನೇರಪ್ರಸಾರದ ಜೊತೆಗೆ ದೂರದರ್ಶನದ ಹಳೆಯ ಧಾರಾವಾಹಿಗಳೂ ಇವೆ. ಫೋನಿನ ಸಣ್ಣ ಪರದೆಗೆ 480ಪಿ ಗುಣಮಟ್ಟ ಧಾರಾಳ ಸಾಕು, ಗಂಟೆಗೆ ಸುಮಾರು ಅರ್ಧ ಜಿಬಿಯಲ್ಲಿ ಮುಗಿಯುತ್ತದೆ. ವಾರ್ತೆಗೆ ಅರ್ಧ ನಿಮಿಷದ ತಡ ಲೆಕ್ಕಕ್ಕಿಲ್ಲ.

ಕೃಷಿ ಕಾರ್ಯಕ್ರಮಕ್ಕೆ ಮಾತ್ರ ಯೂಟ್ಯೂಬ್‌ಗೆ ಸಾಟಿ ಇಲ್ಲ. ಔಷಧಿ ‘ಲೀಟರ್ ನೀರಿಗೆ ಇಷ್ಟು ಮಿಲಿ’ ಎಂದು ತಜ್ಞರು ಹೇಳುವುದು ಒಂದೇ ಉಸಿರಿನಲ್ಲಿ. ಕೇಳಿ ನೆನಪಿಟ್ಟುಕೊಂಡು ಸಿಂಪಡಿಸುವುದು ಬೆಳೆಗೆ ಅಪಾಯ. ಯೂಟ್ಯೂಬ್‌ನಲ್ಲಾದರೆ ನಿಲ್ಲಿಸಿ, ಹತ್ತು ಸೆಕೆಂಡ್ ಹಿಂದೆ ಹೋಗಿ, ಬರೆದುಕೊಳ್ಳಬಹುದು. ಆದರೆ ಪ್ರಸಾರವಾದದ್ದೆಲ್ಲ ಅಲ್ಲಿಗೆ ಬರುವುದಿಲ್ಲ, ಬಂದದ್ದೂ ಅದೇ ದಿನ ಬರಬೇಕೆಂದಿಲ್ಲ. ಬಿಡಬಾರದ ಸಂಚಿಕೆಯಾದರೆ ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ.

ವಾರದ ಪಟ್ಟಿ ಬರೆದಿಟ್ಟುಕೊಳ್ಳುವವರು ಎರಡು ಹೊತ್ತು ಎಚ್ಚರವಾಗಿರಬೇಕು. ವಿಜಯದಶಮಿಯ ಜಂಬೂಸವಾರಿಯ ದಿನ ನೇರಪ್ರಸಾರ ಹಿಗ್ಗಿದಷ್ಟೂ ಉಳಿದವು ಸರಿದುಹೋಗುತ್ತವೆ, ಆ ದಿನ ಟೈಮರನ್ನು ಒಂದು ಗಂಟೆ ಹೆಚ್ಚೇ ಓಡಿಸಿ. ಇನ್ನೊಂದು ಏಪ್ರಿಲ್ ಆರಂಭ. ಫ್ರೀ ಡಿಶ್‌ನ ಖಾಸಗಿ ವಾಹಿನಿಗಳ ಜಾಗ ವರ್ಷಕ್ಕೊಮ್ಮೆ ಹರಾಜಾಗಿ ಪಟ್ಟಿ ಬದಲಾಗುತ್ತದೆ. ಆಗ ಬಾಕ್ಸ್‌ನಲ್ಲಿ ಆಟೋ ಸ್ಕ್ಯಾನ್ ಮಾಡಿ, ಚಂದನ ಯಾವ ಸಂಖ್ಯೆಯಲ್ಲಿ ಕೂತಿದೆ ನೋಡಿ, ಹಳೆಯ ಟೈಮರ್‌ಗಳನ್ನು ಅಳಿಸಿ ಹೊಸದಾಗಿ ಇಡಿ.