ನೀಲಾದ್ರಿ ನಗರ, ಸಿಂಗಸಂದ್ರ, ರಾಗಿಗುಡ್ಡ: ಒಂದೇ ಆಫೀಸು, ಮೂರು ಬಾಡಿಗೆ ಮನೆ

ನನ್ನ ಆಫೀಸು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೊದಲನೇ ಹಂತದಲ್ಲಿದೆ. 2022ರ ಜೂನಿನಿಂದ ಈಚೆಗೆ ಆ ಒಂದು ಆಫೀಸಿಗೋಸ್ಕರ ಮೂರು ಮನೆ ಬದಲಾಯಿಸಿದ್ದೇವೆ. ಮನೆಯಲ್ಲಿ ನಾಲ್ಕು ಜನ. ನಾನು, ಮನೆಯಿಂದಲೇ ಕೆಲಸ ಮಾಡುವ ನಮ್ಮೆಜಮಾನ್ರು, ಒಂದನೇ ಕ್ಲಾಸಿಗೆ ಹೋಗುವ ಮಗ, ತಿಪಟೂರಿನಿಂದ ಬಂದು ಜೊತೆಗಿರುವ ನಮ್ಮತ್ತೆ. ಆ ಕಡೆ ಕೆಲಸ ಸಿಕ್ಕಿದವರೆಲ್ಲ ಫೋನ್ ಮಾಡಿ ಎಲ್ಲಿ ಮನೆ ನೋಡೋಣ ಅಂತ ಕೇಳುತ್ತಾರೆ, ನಾನು ಅರ್ಧ ಗಂಟೆ ಅದನ್ನೇ ಹೇಳುತ್ತೇನೆ. ಒಂದು ಸಲ ಬರೆದುಬಿಟ್ಟರೆ ಸಾಕು ಅಲ್ವಾ.

ಮೊದಲನೆಯದು ನೀಲಾದ್ರಿ ನಗರ. ಎರಡು ಬೆಡ್‌ರೂಮು, ಮೂರನೇ ಮಹಡಿ, ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಮನೆಗೆ ಬೀಗ ಹಾಕಿ ಹೊರಟರೆ ಹದಿನಾಲ್ಕು ನಿಮಿಷಕ್ಕೆ ನನ್ನ ಸೀಟಿನಲ್ಲಿ ಕೂತಿರುತ್ತಿದ್ದೆ, ಅದೂ ನಡೆದುಕೊಂಡು. ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಂಡು ಹೋಗುತ್ತಿದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವವರಿಗೆಲ್ಲ ನನ್ನ ಕಂಡರೆ ಹೊಟ್ಟೆಕಿಚ್ಚು.

ಆದರೆ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದೇ ಕಾರ್ಖಾನೆಗಳಿಗೆ ಅಂತ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಅನ್ನುವ ರಾಜ್ಯ ಸರ್ಕಾರದ ಸಂಸ್ಥೆ ಮಾಡಿದ ಜಾಗ ಅದು. ಕಂಪನಿಗಳಿರುವ ಭಾಗವನ್ನು 2013ರಿಂದ ಎಲ್ಸಿಟಾ ಅನ್ನುವ ಅವರದೇ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಅಲ್ಲಿ ಫುಟ್‌ಪಾತು ಇದೆ, ಸಾಲು ಮರ ಇದೆ, ಬೀದಿ ದೀಪ ಉರಿಯುತ್ತದೆ. ಅದರ ಗಡಿ ದಾಟಿ ಮನೆಗಳ ಕಡೆ ಕಾಲಿಟ್ಟರೆ ಆ ಸುಖ ಮುಗಿಯಿತು. ಪಕ್ಕದಲ್ಲಿ ಪಿಜಿ, ಎದುರಿಗೆ ಪಿಜಿ, ಕೆಳಗೆ ಮೊಮೊ ಅಂಗಡಿ. ಪಿಜಿ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ, ಮದುವೆಗೆ ಮುಂಚೆ ನಾನೂ ಪಿಜಿಯಲ್ಲೇ ಇದ್ದವಳು. ಮಗ ಆಡುತ್ತಿದ್ದದ್ದು ಮಾತ್ರ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ. ಎರಡು ಕಂಬದ ಮಧ್ಯೆ ಸೈಕಲ್ ತುಳಿಯೋದು, ಕಾರು ಬಂದರೆ ಸೆಕ್ಯುರಿಟಿ ಸೀಟಿ ಊದೋದು, ಮಕ್ಕಳೆಲ್ಲ ಗೋಡೆಗೆ ಒರಗಿ ನಿಲ್ಲೋದು. ಕಾರು ಹೋದಮೇಲೆ ಮತ್ತೆ ಸೈಕಲ್ಲು. ನಮ್ಮತ್ತೆ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಒಂದು ದಿನ, "ಇಲ್ಲಿ ಮುದುಕರೇ ಇಲ್ವಲ್ಲೇ, ಎಲ್ಲಾ ಎಲ್ಲಿ ಹೋದರು?" ಅಂದರು. ನಗು ಬಂತು, ಆಮೇಲೆ ನಾನೂ ನೋಡಿದೆ, ನಿಜ, ಒಬ್ಬರೂ ಕಾಣಲಿಲ್ಲ.

ನೀರಿನ ಕಥೆ ಬೇರೆ. ನಮ್ಮ ಬಿಲ್ಡಿಂಗಿಗೆ ಬೋರ್‌ವೆಲ್ ಒಂದೇ ಗತಿ. 2024ರ ಮಾರ್ಚಿನಲ್ಲಿ ಅದೂ ಕೈಕೊಟ್ಟಿತು. ಆ ತಿಂಗಳು ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತ್ತು, 12 ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ. ನಮ್ಮ ಗೇಟಿಗೆ ಬಂದವನು 1,800 ಕೇಳಿದ. ದರದ ಪಟ್ಟಿ ಮೊಬೈಲಲ್ಲಿ ತೋರಿಸಿದರೆ, "ಹಾಗಾದ್ರೆ ಅವರ ಹತ್ರಾನೇ ತಗೊಳ್ಳಿ ಮೇಡಂ" ಅಂತ ಗಾಡಿ ಸ್ಟಾರ್ಟ್ ಮಾಡಿದ. ಕೊಟ್ಟೆವು, ಇನ್ನೇನು ಮಾಡೋದು.

ಇದಕ್ಕಿಂತ ಜಾಸ್ತಿ ಕಣ್ಣು ತೆರೆಸಿದ್ದು ಶನಿವಾರಗಳು. ಮಗನ ಡಾಕ್ಟರು ಜಯನಗರದಲ್ಲಿ, ಅತ್ತೆಗೆ ಬೇಕಾದ ಸಾಮಾನು ಅಲ್ಲೇ, ನಮ್ಮ ನೆಂಟರು ಬನಶಂಕರಿಯಲ್ಲಿ. ಬೆಳಿಗ್ಗೆ ಹೊರಟರೆ ವಾಪಸ್ ಬರೋದು ರಾತ್ರಿ. ವಾರವೆಲ್ಲ ನಾನು ನಡೆದು ಉಳಿಸಿದ ಸಮಯವನ್ನು ನಾಲ್ಕು ಜನ ಸೇರಿ ಒಂದೇ ದಿನದಲ್ಲಿ ಬೊಮ್ಮನಹಳ್ಳಿ ಸಿಗ್ನಲ್ಲಿಗೆ ಒಪ್ಪಿಸಿ ಬರುತ್ತಿದ್ದೆವು. ಆಫೀಸಿಗೆ ಹತ್ತಿರ ಅಂತ ಮನೆ ಹಿಡಿದಾಗ ನಾವು ಲೆಕ್ಕ ಹಾಕಿದ್ದು ನನ್ನೊಬ್ಬಳ ದಾರಿ ಮಾತ್ರ.

2024ರ ಜೂನಿನಲ್ಲಿ ಸಿಂಗಸಂದ್ರದ ಎಇಸಿಎಸ್ ಲೇಔಟಿಗೆ ಬಂದೆವು. ಬಾಡಿಗೆ 27 ಸಾವಿರ. ಊರಿಗೆ ಫೋನ್ ಮಾಡಿ 'ಹೊಸ ರೋಡ್' ಅನ್ನುವ ಜಾಗದ ಹತ್ತಿರ ಮನೆ ಅಂದರೆ, "ಪರಪ್ಪನ ಅಗ್ರಹಾರ ಜೈಲ್ ಇರೋದು ಅಲ್ಲೇ ಅಲ್ವಾ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಜೈಲು ಒಂದು ದಿನವೂ ನಮಗೆ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಹೊಸೂರು ರಸ್ತೆ. ಮನೆ ಒಂದು ಬದಿ, ಮಗನ ಶಾಲೆ ಆಚೆ ಬದಿ. ಕಾಗೆ ಹಾರಿದರೆ ಒಂದು ಕಿಲೋಮೀಟರ್ ಇಲ್ಲ. ಮೇಲೆ 2010ರಲ್ಲಿ ಶುರುವಾದ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ, ಕೆಳಗೆ ಲಾರಿ ಬಸ್ಸು, ಬದಿಯ ಸರ್ವಿಸ್ ರೋಡಿನಲ್ಲಿ ಎದುರುಗಡೆಯಿಂದ ನುಗ್ಗುವ ಬೈಕುಗಳು. ಅದನ್ನು ದಾಟಿಸೋಕೆ ಶಾಲೆಯ ವ್ಯಾನಿಗೆ ತಿಂಗಳಿಗೆ 2,200 ಕಟ್ಟಿದೆವು, ಆ ವ್ಯಾನು ಯೂಟರ್ನ್ ಹುಡುಕಿಕೊಂಡು ಇಪ್ಪತ್ತೈದು ನಿಮಿಷ ಸುತ್ತುತ್ತಿತ್ತು. ಮನೆ ನೋಡುವಾಗ ಮ್ಯಾಪಿನಲ್ಲಿ ದೂರ ಅಳೆಯಬೇಡಿ, ಹೊಸೂರು ರಸ್ತೆಯ ಯಾವ ಬದಿ ಅಂತ ಮೊದಲು ನೋಡಿ.

ಉಳಿದಂತೆ ಸಿಂಗಸಂದ್ರ ನನಗೆ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ. ಒಳಗಿನ ಅಡ್ಡರಸ್ತೆಗಳಲ್ಲಿ ಮರ ಇದೆ, ಸಂಜೆ ಮಕ್ಕಳು ಕ್ರಿಕೆಟ್ ಆಡುತ್ತಾರೆ, ನಮ್ಮ ಥರದ ಸಂಸಾರಗಳೇ ಜಾಸ್ತಿ. ಆಫೀಸಿಗೆ ಬಸ್ಸು. ಶಕ್ತಿ ಯೋಜನೆ ಬಂದಾಗಿನಿಂದ ಮಾಮೂಲಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ಖರ್ಚು ಸೊನ್ನೆ. ಸಮಯ ಮಾತ್ರ ಲಾಟರಿ, ಒಂದು ದಿನ ಇಪ್ಪತ್ತೈದು ನಿಮಿಷ, ಮಳೆ ಬಂದ ದಿನ ಎಪ್ಪತ್ತು. ಭಾನುವಾರ ಆಟೊ ಹಿಡಿದು ಅತ್ತೆಯನ್ನು ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಬೆಂಗಳೂರು ಅನ್ನುವ ಹೆಸರಿರುವ ಒಂಬತ್ತನೇ ಶತಮಾನದ ಶಾಸನ ಇರೋದು ಅಲ್ಲೇ. ಅತ್ತೆಗೆ ಶಾಸನ ಬೇಡ, ಕಲ್ಲಿನ ನೆಲದ ತಂಪು ಸಾಕು. ಕಂಬಕ್ಕೆ ಒರಗಿ ಅರ್ಧ ಗಂಟೆ ಕೂತು ಬರುತ್ತಿದ್ದರು. ವಾರದ ಉಳಿದ ಆರು ದಿನ ಅವರಿಗೆ ಮತ್ತೆ ಟೀವಿ.

ಮೂರನೆಯದು ರಾಗಿಗುಡ್ಡ, ಜಯನಗರ ಒಂಬತ್ತನೇ ಬ್ಲಾಕಿನ ಕಡೆ. ಇದು ಜೂಜು. ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹಳದಿ ಮೆಟ್ರೊ ಮಾರ್ಗ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ವರ್ಷಗಟ್ಟಲೆ ಮುಂದೆ ಹೋಗಿತ್ತು. ಮಗನ ಒಂದನೇ ಕ್ಲಾಸ್ ಅಡ್ಮಿಷನ್ ಕಾಯೋಲ್ಲವಲ್ಲ, 2025ರ ಮೇ ತಿಂಗಳಲ್ಲಿ ಬಂದೇಬಿಟ್ಟೆವು. ಮನೆ ಸಿಗೋದೂ ಸುಲಭ ಇರಲಿಲ್ಲ. ಫೋನಲ್ಲಿ ಮೊದಲ ಪ್ರಶ್ನೆ ವೆಜ್ಜಾ ನಾನ್‌ವೆಜ್ಜಾ ಅಂತ. ಮಗನಿಗೆ ದಿನಾ ಮೊಟ್ಟೆ ಕೊಡುತ್ತೇವೆ ಅಂದಿದ್ದಕ್ಕೆ ಮೂರು ಮನೆ ತಪ್ಪಿದವು. ಕೊನೆಗೆ ಸಿಕ್ಕಿದ್ದು ಹಳೇ ಕಾಲದ ಮನೆಯ ಮೊದಲ ಮಹಡಿ. ಬಾಡಿಗೆ 38 ಸಾವಿರ, ಅಡ್ವಾನ್ಸ್ ಮೂರು ಲಕ್ಷ, ಲಿಫ್ಟ್ ಇಲ್ಲ, ಕಾರು ರಸ್ತೆಯಲ್ಲಿ. ಕಿಚನ್ನು ನೀಲಾದ್ರಿ ನಗರದ ಮನೆಯ ಅರ್ಧದಷ್ಟು. ಈ ದುಡ್ಡಿಗೆ ಆ ಕಡೆ ಈಜುಕೊಳ ಇರುವ ಅಪಾರ್ಟ್‌ಮೆಂಟೇ ಸಿಗುತ್ತಿತ್ತು ಅಂತ ನಮ್ಮೆಜಮಾನ್ರು ಇವತ್ತಿಗೂ ಗೊಣಗುತ್ತಾರೆ.

ಮೊದಲ ಮೂರು ತಿಂಗಳು ನಾನು ಅತ್ತಿದ್ದೇನೆ. ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಇನ್ನೂ ಜಾಸ್ತಿ. ಆಗಸ್ಟ್ 10ರಂದು ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಉದ್ಘಾಟನೆ ಆಯಿತು. ಹತ್ತೊಂಬತ್ತು ಕಿಲೋಮೀಟರ್, ಹದಿನಾರು ಸ್ಟೇಷನ್ನು, ಓಡಿಸೋಕೆ ಮೂರೇ ರೈಲು! 25 ನಿಮಿಷಕ್ಕೊಂದು. ಕಣ್ಣೆದುರಿಗೆ ಒಂದು ತಪ್ಪಿತು ಅಂದರೆ ಪ್ಲಾಟ್‌ಫಾರ್ಮಿನಲ್ಲೇ ಮೀಟಿಂಗ್ ಸೇರಬೇಕು. ರೈಲು ಒಂದೊಂದೇ ಸೇರಿದ ಹಾಗೆ ಕಾಯೋದು ಕಡಿಮೆಯಾಯಿತು. ಈಗ ಮನೆಯಿಂದ ಸ್ಟೇಷನ್ನಿಗೆ ಎಂಟು ನಿಮಿಷ, ರೈಲಿನಲ್ಲಿ ಇಪ್ಪತ್ತೈದರ ಹತ್ತಿರ, ಇಳಿದ ಮೇಲೆ ಹನ್ನೆರಡು ನಿಮಿಷ ನಡಿಗೆ. ಕಾಯೋದೂ ಸೇರಿ ಐವತ್ತೈದು ನಿಮಿಷ ಇಟ್ಟುಕೊಳ್ಳಿ. ಮಳೆ ಬಂದರೂ ಐವತ್ತೈದೇ. ಪುಕ್ಕಟೆ ಬಸ್ಸಿನಿಂದ ಇಲ್ಲಿಗೆ ಬಂದವಳಿಗೆ ಕಾರ್ಡ್ ರೀಚಾರ್ಜ್ ಮಾಡುವಾಗ ಕೈ ನಡುಗುತ್ತದೆ, ಅದು ಬೇರೆ ವಿಷಯ.

ನನ್ನ ದಾರಿ ನಾಲ್ಕು ಪಟ್ಟಾಯಿತು. ಉಳಿದವರದ್ದು ಹೇಳುತ್ತೇನೆ ಕೇಳಿ. ಮಗ ಶಾಲೆಗೆ ಅಪ್ಪನ ಕೈ ಹಿಡಿದು ಆರು ನಿಮಿಷ ನಡೆಯುತ್ತಾನೆ, ವ್ಯಾನ್ ಇಲ್ಲ. ಡಾಕ್ಟರು ಆಟೊದಲ್ಲಿ ಹತ್ತು ನಿಮಿಷ. ಕಾವೇರಿ ನೀರು ದಿನ ಬಿಟ್ಟು ದಿನ ಸಂಪ್‌ಗೆ ಬೀಳುತ್ತದೆ, ಬೀಳುವ ಸದ್ದು ಕೇಳಿದರೆ ನನಗೆ ಇವತ್ತಿಗೂ ಆ 1,800 ರೂಪಾಯಿ ನೆನಪಾಗುತ್ತದೆ. ಅತ್ತೆ ಬೆಳಿಗ್ಗೆ ರಾಗಿಗುಡ್ಡದ ಆಂಜನೇಯನ ಹತ್ತಿರ ಹೋಗುತ್ತಾರೆ, ಮಂಡಿ ನೋವು ಅಂತ ಮೆಟ್ಟಿಲ ಮಧ್ಯೆ ಎರಡು ಕಡೆ ನಿಂತು ಹತ್ತುತ್ತಾರೆ. ಬರುವಾಗ ಸೊಪ್ಪಿನವಳ ಜೊತೆ ಜಗಳ. ಸಬ್ಬಸಿಗೆ ಕಟ್ಟನ್ನು ಬಿಚ್ಚಿ, ಒಳಗೆ ಹಳದಿ ಎಲೆ ತೋರಿಸಿ, ಐದು ರೂಪಾಯಿ ಇಳಿಸಿ, ಆಮೇಲೆ ಅವಳ ಮಗಳ ಮದುವೆ ವಿಷಯ ಇಪ್ಪತ್ತು ನಿಮಿಷ ಮಾತಾಡಿಕೊಂಡು ಬರುತ್ತಾರೆ. ತಿಪಟೂರಿಗೆ ಯಾವಾಗ ಬಿಡ್ತೀಯ ಅಂತ ಕೇಳೋದನ್ನು ನಿಲ್ಲಿಸಿ ಆರು ತಿಂಗಳಾಯಿತು.

ಹಾಗಂತ ಎಲ್ಲರಿಗೂ ರಾಗಿಗುಡ್ಡ ಅನ್ನೋಲ್ಲ. ಹೊಸದಾಗಿ ಮದುವೆಯಾದವರು, ರಾತ್ರಿ ಪಾಳಿ ಇರುವವರು ಸುಮ್ನೆ ನೀಲಾದ್ರಿ ನಗರಕ್ಕೆ ಹೋಗಿ, ಕಾವೇರಿ ಪೈಪ್ ಇದೆಯಾ ಅಂತ ಕೇಳಬೇಡಿ, ನೀರು ಬರುತ್ತಾ ಅಂತ ಪಕ್ಕದ ಮನೆಯವರನ್ನು ಕೇಳಿ. ಮಕ್ಕಳಿದ್ದು ಹಿರಿಯರು ಜೊತೆಗಿಲ್ಲದವರಿಗೆ ಈಗ ಸಿಂಗಸಂದ್ರವೇ ಸರಿ, ಮೆಟ್ರೊ ಅಲ್ಲಿಗೂ ಬಂದಿದೆ, ಶಾಲೆ ಮಾತ್ರ ಮನೆಯ ಬದಿಯದ್ದೇ ಹುಡುಕಿ. ನಾವು ಒಂದು ವರ್ಷ ತಡೆದಿದ್ದರೆ ಬಹುಶಃ ಅಲ್ಲೇ ಉಳಿಯುತ್ತಿದ್ದೆವೇನೋ. ನಮ್ಮ ಟೀಮಿನ ಹುಡುಗಿಯೊಬ್ಬಳಿಗೆ ಇದನ್ನೇ ಹೇಳಿದೆ, ಎರಡು ಪುಟ್ಟ ಮಕ್ಕಳವಳು, ಅಲ್ಲೇ ಮನೆ ಮಾಡಿದಳು. ಬೆಳಿಗ್ಗೆ ನನ್ನ ರೈಲಿಗೇ ಹತ್ತುತ್ತಾಳೆ. ಸೀಟು ಇಬ್ಬರಿಗೂ ಸಿಗೋಲ್ಲ. ಅವಳು ಏಳು ನಿಮಿಷ ನಿಲ್ಲುತ್ತಾಳೆ, ನಾನು ಇಪ್ಪತ್ತೈದು.