ಡಾಟ್ಸನ್ 240ಝಡ್‌ಗೆ ಯಾವುದು ಸರಿ: ಎಸ್‌ಯು, ವೆಬರ್, ಇಂಜೆಕ್ಷನ್?

ಹಳೆಯ ಡಾಟ್ಸನ್ 240ಝಡ್ ಕೊಂಡವರನ್ನು ಎರಡು ವಿಷಯ ಕಾಡುತ್ತವೆ. ಒಂದು ತುಕ್ಕು, ಇನ್ನೊಂದು ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್. ತುಕ್ಕಿನ ಬಗ್ಗೆ ಚರ್ಚೆ ಮಾಡಲು ಜಾಸ್ತಿ ಏನಿಲ್ಲ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಕಾಲಡಿಯ ತಗಡಿನಲ್ಲಿ, ಹಿಂದಿನ ಚಕ್ರದ ಕಮಾನಿನ ಬುಡದಲ್ಲಿ ಅದು ಹಿಡಿದೇ ಇರುತ್ತದೆ. ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಬೇಕು, ಹೊಸದನ್ನು ವೆಲ್ಡ್ ಮಾಡಿಸಬೇಕು. ಮೇಲೆ ಬಳಿಯುವ ಯಾವ ದ್ರಾವಣವೂ ತೂತಾದ ತಗಡನ್ನು ಉಳಿಸುವುದಿಲ್ಲ. ಕಾರ್ಬೊರೇಟರ್ ವಿಷಯ ಹಾಗಲ್ಲ. ಇಲ್ಲಿ ಮೂರು ದಾರಿಗಳಿವೆ: ಕಾರಿನ ಜೊತೆ ಬಂದ ಎಸ್‌ಯು ಕಾರ್ಬೊರೇಟರ್, ಹೊರಗಿಂದ ತಂದು ಹಾಕುವ ವೆಬರ್ ಕಾರ್ಬೊರೇಟರ್, ಕಾರ್ಬೊರೇಟರನ್ನೇ ಬಿಟ್ಟು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್. ಮೂರಕ್ಕೂ ಪಟ್ಟು ಹಿಡಿದು ವಾದಿಸುವ ಜನ ಇದ್ದಾರೆ. ನಾನು ಮೂರರಲ್ಲೂ ಸಾಕಷ್ಟು ಓಡಾಡಿದ್ದೇನೆ. ದಿನಾ ರಸ್ತೆಯಲ್ಲಿ ಓಡಿಸುವ, ಎಂಜಿನ್ ಒಳಗೆ ಕೈ ಹಾಕದ ಕಾರಿಗೆ ಮೊದಲಿಂದ ಇದ್ದ ಎಸ್‌ಯು ಕಾರ್ಬೊರೇಟರೇ ಸರಿ ಎನ್ನುವುದು ನನ್ನ ತೀರ್ಮಾನ. ಯಾಕೆ ಅಂತ ಹೇಳುತ್ತೇನೆ.

ನನ್ನದು 1972ರ ಕಾರು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಇದೆ. ಈ ಮಾದರಿ ಜಪಾನಿನಲ್ಲಿ 1969ರ ಅಕ್ಟೋಬರ್‌ನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಲ್ಲಿ ಬಂತು. ಆಗ ಅಮೆರಿಕದಲ್ಲಿ ನಿಸ್ಸಾನ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಯಾಮಾ ಅವರು ಆ ಹೆಸರು ಇಲ್ಲಿ ಬೇಡವೆಂದು 240ಝಡ್ ಎಂದೇ ಮಾರಿದರು. ಬೆಲೆ 3,526 ಡಾಲರ್. ಒಳಗಿರುವುದು ಎಲ್24 ಎಂಜಿನ್: ಸಾಲಾಗಿ ಆರು ಸಿಲಿಂಡರ್, 2,393 ಸಿಸಿ, ಕಂಪನಿಯ ಲೆಕ್ಕದಲ್ಲಿ 151 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಹಾಗಾಗಿ ಬಾನೆಟ್ ಕೆಳಗೆ ಪ್ರಯೋಗ ಮಾಡುವವರಿಗೆ ಇಲ್ಲಿ ಕೊರತೆಯಿಲ್ಲ.

ಕಾರ್ಖಾನೆಯಿಂದ ಬಂದದ್ದು ಹಿಟಾಚಿ ತಯಾರಿಸಿದ ಎರಡು ಎಸ್‌ಯು ಮಾದರಿಯ ಕಾರ್ಬೊರೇಟರ್. ಮುಂದಿನ ಮೂರು ಸಿಲಿಂಡರ್‌ಗೆ ಒಂದು, ಹಿಂದಿನ ಮೂರಕ್ಕೆ ಇನ್ನೊಂದು. ಊರಲ್ಲಿ ಹಳೆಯ ಅಂಬಾಸಿಡರ್ ರಿಪೇರಿ ಮಾಡಿದವರಿಗೆ ಈ ಜಾತಿ ಹೊಸದೇನಲ್ಲ. ಮೇಲೊಂದು ದುಂಡನೆಯ ಗುಮ್ಮಟ, ಅದರೊಳಗೆ ಪಿಸ್ಟನ್, ಪಿಸ್ಟನ್ ಅಡಿಯಲ್ಲಿ ಚೂಪಾಗುತ್ತ ಹೋಗುವ ಸೂಜಿ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ. ಸೂಜಿಯೂ ಜೊತೆಗೇ ಎದ್ದು, ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಐಡ್ಲಿಂಗ್‌ಗೆ ಒಂದು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು), ವೇಗಕ್ಕೆ ಇನ್ನೊಂದು ಜೆಟ್ ಎಂಬ ರಗಳೆ ಇಲ್ಲ.

ಇವಕ್ಕೆ ಬಂದಿರುವ ಕೆಟ್ಟ ಹೆಸರು ವಯಸ್ಸಿನಿಂದ ಬಂದದ್ದು. ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಬಾಗಿಲು ತೆರೆಯುವ ಕಡ್ಡಿ, ಅಂದರೆ ಥ್ರಾಟಲ್ ಶಾಫ್ಟ್, 50 ವರ್ಷ ತಿರುಗಿ ಸವೆದು ಅಲ್ಲಾಡುತ್ತದೆ, ಆ ಸಂದಿಯಿಂದ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಕೂರಿಸಿದ ಐಡ್ಲಿಂಗ್ ಸಂಜೆಗೆ ಇರುವುದಿಲ್ಲ. ಕಂಡುಹಿಡಿಯುವುದು ಸುಲಭ. ಎಂಜಿನ್ ಆಗಷ್ಟೇ ಸ್ಟಾರ್ಟ್ ಮಾಡಿ, ಎಕ್ಸಾಸ್ಟ್ ಇನ್ನೂ ಬಿಸಿಯಾಗುವ ಮೊದಲೇ ಶಾಫ್ಟಿನ ತುದಿಗೆ ಚೂರು ಕಾರ್ಬ್ ಕ್ಲೀನರ್ ಹೊಡೆಯಿರಿ. ಆರ್‌ಪಿಎಂ ಬದಲಾದರೆ ಸವೆದಿದೆ ಎಂದೇ ಲೆಕ್ಕ. ಅದನ್ನು ಸರಿಮಾಡದೆ ಸ್ಕ್ರೂ ತಿರುಗಿಸುತ್ತ ಕೂತರೆ ಎಷ್ಟು ದಿನವಾದರೂ ಟ್ಯೂನ್ ಆಗುವುದಿಲ್ಲ. ನಾನು ಶಾಫ್ಟ್, ಬುಶ್ ಎರಡನ್ನೂ ಹೊಸದಾಗಿ ಹಾಕಿಸಿದೆ. ಮೂರು ದಾರಿಗಳಲ್ಲಿ ತೀರಾ ಕಡಿಮೆ ಖರ್ಚಾಗಿದ್ದು ಇದಕ್ಕೇ.

ಆಮೇಲಿನ ಟ್ಯೂನಿಂಗ್ ನಿಜವಾಗಿಯೂ ಖುಷಿ ಕೊಡುವ ಕೆಲಸ. ಗುಮ್ಮಟ ಬಿಚ್ಚಿ, ಪಿಸ್ಟನ್ ಒರೆಸಿ, ಮತ್ತೆ ಜೋಡಿಸಿ, ಎತ್ತಿ ಬಿಟ್ಟರೆ ‘ಟಕ್’ ಎಂದು ತಳ ಮುಟ್ಟಬೇಕು. ಎಲ್ಲಾದರೂ ತಡೆದರೆ ಮುಂದೆ ಹೋಗಬೇಡಿ, ಮೊದಲು ಅದನ್ನು ನೋಡಿ. ಕೆಳಗಿನ ಮಿಕ್ಸ್ಚರ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಎರಡೂವರೆ ಸುತ್ತು ಇಳಿಸಿ. ಶುರು ಮಾಡುವ ಜಾಗ ಇದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಾಳಿ ಅಳೆಯುವ ಸಿಂಕ್ರೊಮೀಟರನ್ನು ಒಂದೊಂದೇ ಬಾಯಿಗೆ ಹಿಡಿಯಬೇಕು. ಎರಡರಲ್ಲೂ ಮುಳ್ಳು ಒಂದೇ ಕಡೆ ನಿಲ್ಲುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಬೇಕು. ನನ್ನ ಕಾರು 750 ಆರ್‌ಪಿಎಂ ಆಸುಪಾಸಿನಲ್ಲಿ ಸಮಾಧಾನವಾಗಿ ನಿಲ್ಲುತ್ತದೆ. ಕೊನೆಗೆ ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಎತ್ತಿ, ಕಿವಿಗೊಟ್ಟು ಕೇಳಿ. ಆರ್‌ಪಿಎಂ ಚೂರೇ ಏರಿ ಮತ್ತೆ ಇಳಿದರೆ ಸರಿಯಿದೆ. ಏರಿದ್ದು ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕುಸಿದು ನಿಲ್ಲುವಂತಾದರೆ ಕಮ್ಮಿ. ನಟ್ಟನ್ನು ಕಾಲು ಸುತ್ತು ತಿರುಗಿಸಿದರೂ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಗುಮ್ಮಟದ ತಲೆಯಲ್ಲಿರುವ ಡ್ಯಾಂಪರ್‌ಗೆ ಎಣ್ಣೆ ಹಾಕುವುದನ್ನು ಬಹಳ ಜನ ಮರೆಯುತ್ತಾರೆ. ನಾನು 20 ಗ್ರೇಡಿನದು ಹಾಕುತ್ತೇನೆ. ಅದು ಬತ್ತಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಪಿಸ್ಟನ್ ಸರ್ರನೆ ಮೇಲೆದ್ದು, ಪೆಟ್ರೋಲಿಗಿಂತ ಗಾಳಿ ಮುಂದಾಗಿ, ಎಂಜಿನ್ ಒಂದು ಕ್ಷಣ ತಡವರಿಸುತ್ತದೆ. ಇಷ್ಟಕ್ಕೇ ಕಾರ್ಬೊರೇಟರ್ ಹೋಯಿತು ಅಂತ ಬಿಚ್ಚಿ ಮಾರಿದವರೂ ಇದ್ದಾರೆ. ನೋಡಿದರೆ ಬೇಸರವಾಗುತ್ತದೆ.

ಹೀಗೆ ಸರಿಮಾಡಿದ ಎಸ್‌ಯು ಜೋಡಿ ಸ್ಕೈಲೈನ್ ಬುಲ್ವಾರ್ಡಿನ ತಿರುವುಗಳಲ್ಲಿ 2,000ದಿಂದ 5,000 ಆರ್‌ಪಿಎಂವರೆಗೂ ಎಲ್ಲೂ ಮುಗ್ಗರಿಸದೆ ಎಳೆಯುತ್ತದೆ. ಹೈವೇಯಲ್ಲಿ ಲೀಟರಿಗೆ ಒಂಬತ್ತು ಹತ್ತು ಕಿಲೋಮೀಟರ್ ಕೊಡುತ್ತದೆ. ಒಂದು ಮಾತು: ಇದೆಲ್ಲ 1972ರವರೆಗಿನ ದುಂಡು ತಲೆಯ ಕಾರ್ಬೊರೇಟರ್ ಬಗ್ಗೆ. 1973ರಲ್ಲಿ ಹೊಗೆ ನಿಯಮಗಳಿಗಾಗಿ ಚಪ್ಪಟೆ ತಲೆಯವು ಬಂದವು. ಅವನ್ನು ತೆಗೆದು ಹಿಂದಿನ ದುಂಡು ತಲೆಯವನ್ನು ಹುಡುಕಿ ಹಾಕಿಕೊಂಡವರು ಬಹಳ ಮಂದಿ.

ಇನ್ನು ಮೂರು ವೆಬರ್. ಈ ಆಸೆ ಹುಟ್ಟುವುದು ಸಹಜ. ಮಿಕುನಿ ಅಂದರೆ ಆರ್‌ಎಕ್ಸ್100 ಓಡಿಸಿದ ನಮ್ಮವರ ಕಿವಿ ನಿಮಿರುತ್ತದೆ, ಅಲ್ವಾ? ಅದೇ ಮಿಕುನಿ ಕಂಪನಿ ಸೋಲೆಕ್ಸ್ ಪರವಾನಗಿಯಲ್ಲಿ ಮಾಡಿದ ಮೂರು ಕಾರ್ಬೊರೇಟರ್ ಜಪಾನಿನ ಫೇರ್‌ಲೇಡಿ ಝಡ್432ರಲ್ಲಿ ಕಾರ್ಖಾನೆಯಿಂದಲೇ ಬರುತ್ತಿದ್ದವು. ಸಿಲಿಂಡರಿಗೆ 4 ವಾಲ್ವ್, 3 ಕಾರ್ಬೊರೇಟರ್, 2 ಕ್ಯಾಮ್‌ಶಾಫ್ಟ್. ಆ ಕಾರಿನ ಸದ್ದು ಕೇಳಿದವರು ತಮ್ಮ 240ಝಡ್‌ಗೂ ಮೂರು ಬೇಕು ಅಂತ ಹೊರಡುತ್ತಾರೆ. ನಾನು ಹಾಕಿಸಿದ್ದು ವೆಬರ್ 40ಡಿಸಿಒಇ. ಒಂದೊಂದಕ್ಕೆ ಎರಡು ಬಾಯಿ, ಅಂದರೆ ಪ್ರತಿ ಸಿಲಿಂಡರಿಗೂ ಅದರದ್ದೇ ಬಾಯಿ. ಮ್ಯಾನಿಫೋಲ್ಡ್ ಮತ್ತು ಲಿಂಕೇಜ್ ಸೇರಿ ಎಸ್‌ಯು ರಿಪೇರಿಯ ಮೂರು ಪಟ್ಟು ಖರ್ಚು ಬಂತು.

ಸದ್ದಿನಲ್ಲಿ ವೆಬರನ್ನು ಮೀರಿಸುವುದು ಯಾವುದೂ ಇಲ್ಲ, ಇದನ್ನು ಮನಸಾರೆ ಹೇಳುತ್ತೇನೆ. 4,000 ಆರ್‌ಪಿಎಂ ದಾಟಿದ ಮೇಲೆ ಪೂರ್ತಿ ಒತ್ತಿದರೆ ಎಂಜಿನ್ ಎದೆಗೆ ತಾಗುವ ಹಾಗೆ ಗರ್ಜಿಸುತ್ತದೆ. ಒತ್ತಿದ ಕೂಡಲೇ ಸಿಗುವ ಪಿಕಪ್ ಎಸ್‌ಯುಗಿಂತ ಚುರುಕು. ಜೆಟ್ ಬದಲಿಸುವುದೂ ಸುಲಭ. ಮೇಲಿನ ರೆಕ್ಕೆ ನಟ್ಟು ಬಿಚ್ಚಿ ಮುಚ್ಚಳ ತೆಗೆದರೆ ಸ್ಕ್ರೂಡ್ರೈವರ್‌ನಲ್ಲೇ ಜೆಟ್ ಹೊರಗೆ ಬರುತ್ತದೆ.

ಕಷ್ಟ ಇರುವುದು ಸಾಧಾರಣ ಓಟದಲ್ಲಿ. ಹೈವೇಯಲ್ಲಿ 2,500ರಿಂದ 3,000 ಆರ್‌ಪಿಎಂನಲ್ಲಿ ಹಗುರವಾಗಿ ಕಾಲಿಟ್ಟು ಹೋಗುವಾಗ ಪೆಟ್ರೋಲ್ ಐಡ್ಲಿಂಗ್ ಜೆಟ್‌ನಿಂದ ಮೇನ್ ಜೆಟ್‌ಗೆ ದಾಟುತ್ತಿರುತ್ತದೆ. ಆ ದಾಟುವ ಜಾಗದಲ್ಲಿ ಎಂಜಿನ್ ಮುಗ್ಗರಿಸುತ್ತದೆ. ಐಡ್ಲಿಂಗ್ ಜೆಟ್ ದೊಡ್ಡದು ಮಾಡಿದರೆ ಮುಗ್ಗರಿಕೆ ಹೋಗಿ ಪ್ಲಗ್ ಕಪ್ಪಾಗುತ್ತದೆ, ಚಿಕ್ಕದು ಮಾಡಿದರೆ ಪ್ಲಗ್ ಸರಿಹೋಗಿ ಮುಗ್ಗರಿಕೆ ವಾಪಸ್ ಬರುತ್ತದೆ. 30 ಮಿಲಿಮೀಟರಿನ ವೆಂಚುರಿ (ಗಾಳಿಯ ದಾರಿಯ ಕಿರಿದಾದ ಕುತ್ತಿಗೆ), 120ರ ಮೇನ್ ಜೆಟ್ ಹಾಕಿದ ಮೇಲೆ ನನ್ನದು ಒಂದು ಹದಕ್ಕೆ ಬಂತು, ಆದರೂ ಎಸ್‌ಯುನಷ್ಟು ನಯ ಬರಲಿಲ್ಲ. ಲೀಟರಿಗೆ ಆರೇಳು ಕಿಲೋಮೀಟರ್ ಬಂದರೆ ಹೆಚ್ಚು. ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಎಲ್ಲಿಂದ ತೆಗೆಯುತ್ತೀರಿ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಆರು ಬಾಯಿ ಬೇರೆ ಬೇರೆ ಇರುವುದರಿಂದ ಮ್ಯಾನಿಫೋಲ್ಡಿನಲ್ಲಿ ಸರಿಯಾದ ಜಾಗಕ್ಕೆ ಪೈಪು ಹಾಕಿಸಬೇಕಾಗುತ್ತದೆ. ಬ್ರೇಕ್ ವಿಷಯದಲ್ಲಿ ರಾಜಿ ಬೇಡ.

ಇಂಜೆಕ್ಷನ್ ಇರುವುದು ಗೆಳೆಯನ ಕಾರಿನಲ್ಲಿ. ಅದೂ 1972ರದ್ದೇ, ಎಂಜಿನ್ ಕೂಡ ಅದೇ. ಒಂದು ಬೇಸಿಗೆ ಪೂರ್ತಿ ಇಬ್ಬರೂ ಕಾರು ಬದಲಾಯಿಸಿಕೊಂಡು ಓಡಿಸಿದೆವು. ನಿಸ್ಸಾನ್ ಇದೇ ಕಾರಿಗೆ ಅಮೆರಿಕದಲ್ಲಿ 1975ರಲ್ಲಿ ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ಇಂಜೆಕ್ಷನ್ ಕೊಟ್ಟು 280ಝಡ್ ಎಂದು ಮಾರಿತ್ತು. ಗೆಳೆಯ ಹಾಕಿಸಿರುವುದು ಅದಲ್ಲ. ವೆಬರ್ ಕೂರುವ ಜಾಗದಲ್ಲೇ ಕೂರುವ ಥ್ರಾಟಲ್ ಬಾಡಿಗಳು, ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ, ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್, ಎಲ್ಲವನ್ನೂ ನಿಯಂತ್ರಿಸಲು ಲ್ಯಾಪ್‌ಟಾಪಿನಲ್ಲಿ ಟ್ಯೂನ್ ಮಾಡುವ ಸಣ್ಣ ಕಂಪ್ಯೂಟರ್, ಅಂದರೆ ಇಸಿಯು.

ಓಡಿಸಲು ಅದೇ ಎಲ್ಲಕ್ಕಿಂತ ಸಲೀಸು. ಚಳಿಯ ಬೆಳಿಗ್ಗೆ ಕೀ ತಿರುಗಿಸಿದರೆ ಸಾಕು. ಲೇಕ್ ಟಾಹೋ ಕಡೆ ಹೋಗುವಾಗ ಡಾನರ್ ಘಾಟಿ 7,000 ಅಡಿಗಿಂತ ಎತ್ತರ. ಅಲ್ಲಿ ಗಾಳಿ ತೆಳುವಾಗಿ ನನ್ನ ಎಸ್‌ಯುಗೆ ಪೆಟ್ರೋಲ್ ಹೆಚ್ಚಾಗಿ ಉಸಿರು ಕಟ್ಟಿದಂತಾಗುತ್ತದೆ. ಗೆಳೆಯನ ಕಾರು ತಾನೇ ಸರಿಮಾಡಿಕೊಂಡು ಹತ್ತುತ್ತದೆ. ಆದರೆ ಇದಕ್ಕಾಗಿ ಬದಲಾಗುವುದನ್ನೆಲ್ಲ ಲೆಕ್ಕ ಹಾಕಿ. ಕಾರ್ಬೊರೇಟರಿಗೆ ಕಾಲು ಬಾರ್ ಒತ್ತಡ ಸಾಕು, ಇಂಜೆಕ್ಷನ್‌ಗೆ 3 ಬಾರ್ ಬೇಕು. ಪಂಪು, ಪೈಪು, ಕ್ಲಾಂಪು ಎಲ್ಲ ಹೊಸದು. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪಿಗೆ ಗಾಳಿ ಸಿಗದಂತೆ ಇನ್ನೊಂದು ಸಣ್ಣ ಟ್ಯಾಂಕು. ಹಳೆಯ ಆಲ್ಟರ್ನೇಟರಿಗೆ ಈ ಹೊರೆ ಜಾಸ್ತಿಯಾಗಿ ಅದೂ ಬದಲು. ದಾರಿಯಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಹಳೆಯ ಮೆಕ್ಯಾನಿಕ್ ಕೂಡ ಏನೂ ಮಾಡಲಾರ. ಎಸ್‌ಯು ಕೈಕೊಟ್ಟರೆ ಒಂದು ಸ್ಕ್ರೂಡ್ರೈವರ್, ಒಂದು ಬಟ್ಟೆ ಇದ್ದರೆ ಮನೆ ಸೇರಬಹುದು.

ಈ ಮೂರರಲ್ಲಿ ಒಂದನ್ನು ಆರಿಸುವ ಮೊದಲು ಪ್ಲಗ್‌ಗೆ ಸ್ಪಾರ್ಕ್ ಕೊಡುವ ಇಗ್ನಿಷನ್ ನೋಡಿ. ಕಾರ್ಬೊರೇಟರ್ ಕೆಟ್ಟಿದೆ ಅಂತ ನನ್ನ ಬಳಿ ತಂದ ಕಾರುಗಳಲ್ಲಿ ಮಿಸ್ಸಿಂಗ್‌ಗೆ ಕಾರಣ ಎಷ್ಟೋ ಸಲ ಡಿಸ್ಟ್ರಿಬ್ಯೂಟರಿನೊಳಗಿನ ಸವೆದ ಪಾಯಿಂಟ್ (ಕರೆಂಟು ಕಡಿದು ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್ಚು) ಆಗಿತ್ತು. ಇದರಲ್ಲೂ ಮೂರು ಆಯ್ಕೆ. ಹಳೆಯ ಪಾಯಿಂಟ್ ಇಟ್ಟುಕೊಂಡರೆ 0.45ರಿಂದ 0.55 ಮಿಲಿಮೀಟರ್ ಗ್ಯಾಪ್ ಆಗಾಗ ನೋಡುತ್ತಿರಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಕೂರುವ ಮ್ಯಾಗ್ನೆಟಿಕ್ ಕಿಟ್ ಹಾಕಿದರೆ ಹೊರಗೆ ಏನೂ ಬದಲಾದಂತೆ ಕಾಣುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ನಾನು ಉಳಿಸಿಕೊಂಡಿರುವುದು ಮೂರನೆಯದು: ಮುಂದೆ ಬಂದ 280ಝಡ್‌ಎಕ್ಸ್ ಮಾದರಿಯ ಡಿಸ್ಟ್ರಿಬ್ಯೂಟರ್. ಪಾಯಿಂಟಿನ ಕೆಲಸ ಮಾಡುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಇ12-80 ಎಂಬ ಎಲೆಕ್ಟ್ರಾನಿಕ್ ಮಾಡ್ಯೂಲ್ ಅದರ ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ನಿಸ್ಸಾನ್‌ನದೇ ಭಾಗ, ಅದರ ಕೆಳಗಿನ ಸ್ಟ್ಯಾಂಡ್ ಸಮೇತ ತಂದರೆ ನೇರ ಕೂರುತ್ತದೆ. ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಹೋಗುತ್ತದೆ, ಪ್ಲಗ್ ಗ್ಯಾಪ್ 1 ಮಿಲಿಮೀಟರ್‌ವರೆಗೆ ಬಿಡಬಹುದು, ಸ್ಪಾರ್ಕ್ ಗಟ್ಟಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 240ಝಡ್‌ನ ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಇಗ್ನಿಷನ್ ಕರೆಂಟು ತನ್ನ ಮೂಲಕವೇ ಹರಿಯುವಂತೆ ವೈರಿಂಗ್ ಆಗಿರುತ್ತದೆ. ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬ್ಯಾಲಸ್ಟ್ ರೆಸಿಸ್ಟರ್ ತೆಗೆಯುವಾಗ ಆ ವೈರನ್ನು ಸರಿಯಾಗಿ ಜೋಡಿಸದಿದ್ದರೆ ಮುಳ್ಳು ಸುಮ್ನೆ ಕುಣಿಯುತ್ತದೆ, ಇಲ್ಲವೇ ಸತ್ತೇ ಹೋಗುತ್ತದೆ. ಹೊಸ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್, ಅಂದರೆ ಸ್ಪಾರ್ಕ್ ಎಷ್ಟು ಮುಂಚೆ ಬರುತ್ತದೆ ಎನ್ನುವುದು ಕೂಡ ಬೇರೆ. ಟೈಮಿಂಗ್ ಲೈಟ್ ಹಿಡಿದು, ಪೂರ್ತಿ ಅಡ್ವಾನ್ಸ್ 34 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುವಂತೆ ಕೂರಿಸಿ.

ಬೇಸಿಗೆಯ ತೊಂದರೆ ಮಾತ್ರ ಕಾರ್ಬೊರೇಟರ್ ಯಾವುದಾದರೂ ಬಿಡುವುದಿಲ್ಲ. ಈ ಎಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಎಕ್ಸಾಸ್ಟಿನ ನೆತ್ತಿಯ ಮೇಲೆಯೇ ಕಾರ್ಬೊರೇಟರ್ ಕೂತಿರುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಅದು ಬೇಗ ಕುದಿಯುತ್ತದೆ. ಬಿಸಿಲಲ್ಲಿ ಓಡಿಸಿ, ಕಾಲು ಗಂಟೆ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕೆಮ್ಮುತ್ತದೆ. ವೆಬರ್‌ಗೂ ಇದೇ ಪಾಡು, ಇಂಜೆಕ್ಷನ್‌ಗೆ ಮಾತ್ರ ಇಲ್ಲ. ಕಾರ್ಖಾನೆಯ ಹೀಟ್ ಶೀಲ್ಡನ್ನು ಯಾರೋ ತೆಗೆದು ಎಸೆದಿದ್ದರೆ ಅದನ್ನು ಹುಡುಕಿ ವಾಪಸ್ ಹಾಕಿ. ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ತೋಳು ತೊಡಿಸಿ. ಎಸ್‌ಯು ಮ್ಯಾನಿಫೋಲ್ಡನ್ನು ಚಳಿಗಾಲಕ್ಕೆಂದು ಬೆಚ್ಚಗಿಡಲು ಅದರೊಳಗೆ ಎಂಜಿನ್ ನೀರು ಹರಿಯುತ್ತದೆ. ಕ್ಯಾಲಿಫೋರ್ನಿಯಾದ ಹವೆಗೆ ಅದು ಬೇಕಿಲ್ಲ, ನಾನು ಮುಚ್ಚಿಸಿದ್ದೇನೆ. ಈ ಮೂರು ಮಾಡಿದ ಮೇಲೆ ಸ್ಯಾಕ್ರಮೆಂಟೊ ಬಿಸಿಲಲ್ಲೂ ಕಾರು ತಕ್ಷಣ ಸ್ಟಾರ್ಟ್ ಆಗುತ್ತಿದೆ.

ಹೊಸದಾಗಿ 240ಝಡ್ ಕೊಂಡವರು ಖರ್ಚು ಮಾಡುವುದಾದರೆ ಮೊದಲು ಇಗ್ನಿಷನ್, ಆಮೇಲೆ ವಾಲ್ವ್ ಗ್ಯಾಪ್, ಆಮೇಲೆ ಎಸ್‌ಯು ಶಾಫ್ಟ್. ಮಂಜು ಬೀಳುವ ಕಡೆ ಇದ್ದು ದಿನಾ ಆಫೀಸಿಗೆ ಇದೇ ಕಾರಲ್ಲಿ ಹೋಗುವವರಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ಇಂಜೆಕ್ಷನ್ ಹಾಕಿಸಿ, ಪಶ್ಚಾತ್ತಾಪ ಪಡುವುದಿಲ್ಲ. ನನ್ನ ವೆಬರ್‌ಗಳನ್ನು ಮಾರಿಲ್ಲ, ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕ್ಯಾಮ್ ಮತ್ತು ಕಂಪ್ರೆಷನ್ ಕಾರ್ಖಾನೆಯದೇ ಇರುವ ಎಲ್24ಗೆ ಆರು ಬಾಯಿಯ ಅಗತ್ಯವಿಲ್ಲ. 280ಝಡ್‌ನ 2,753 ಸಿಸಿಯ ಎಲ್28 ಈ ಕಾರಿಗೆ ನೇರ ಕೂರುತ್ತದೆ. ಅದನ್ನು ತಂದು ಕ್ಯಾಮ್ ಬದಲಿಸಿ ಕಟ್ಟಿಸಿದರೆ ಆ ಎಂಜಿನ್ನಿಗೆ ವೆಬರ್ ಬೇಕೇ ಬೇಕು. ಸದ್ಯಕ್ಕೆ ಒಳ್ಳೆಯ ಎಲ್28 ಬ್ಲಾಕ್ ಹುಡುಕುತ್ತಿದ್ದೇನೆ.