ಒಂದು ತೆಂಗಿನಕಾಯಿ, ಮೂರು ಸಾಫ್ಟ್‌ವೇರ್: ಹಂಚಲು ಬಂದದ್ದು ಯಾವುದು?

ಒಡೆದ ತೆಂಗಿನಕಾಯಿಯ ಒಂದು ಚಿತ್ರ ಬೇಕಿತ್ತು. ಸಿಪ್ಪೆ, ನಾರು, ಕರಟ, ಕಾಯಿ, ನೀರು ಅಂತ ಕನ್ನಡದಲ್ಲಿ ಐದು ಹೆಸರು, ಅಷ್ಟೇ. ಅದನ್ನು ವಿಕಿಮೀಡಿಯಾ ಕಾಮನ್ಸ್ ಅನ್ನುವ ಮುಕ್ತ ಚಿತ್ರಗಳ ತಾಣಕ್ಕೆ ಹಾಕಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಬಿಡುವ ಆಸೆ. ಅಲ್ಲಿಗೆ ಕ್ರಿಯೇಟಿವ್ ಕಾಮನ್ಸ್‌ನ (ಸಿಸಿ) ಸಿಸಿ ಬೈ (ಹೆಸರು ಹೇಳಿ ಬಳಸಿ), ಸಿಸಿ ಬೈ-ಎಸ್‌ಎ (ಹೆಸರು ಹೇಳಿ, ಬದಲಿಸಿದ್ದನ್ನೂ ಇದೇ ಲೈಸೆನ್ಸಿನಲ್ಲಿ ಹಂಚಿ), ಸಿಸಿ ಝೀರೋ (ಷರತ್ತೇ ಇಲ್ಲ) ಥರದ ಲೈಸೆನ್ಸ್, ಅಂದರೆ ಬಳಕೆಯ ಅನುಮತಿ, ಬೇಕು. ‘ವ್ಯಾಪಾರಕ್ಕೆ ಬಳಸಬೇಡಿ’ ಅಂದರೆ ಆಗುವುದಿಲ್ಲ. ಒಂದೇ ಚಿತ್ರವನ್ನು ಮೂರು ಕಡೆ ಮಾಡಿ ನೋಡಿದೆ. ಮೂರೂ ಬಿಟ್ಟಿ.

ಮೊದಲನೆಯದು ಬ್ರೌಸರಿನಲ್ಲೇ ನಡೆಯುವ ಒಂದು ಡಿಸೈನ್ ತಾಣ. ಹೆಸರು ಬೇಡ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ಮೂರರಲ್ಲಿ ಇದೇ ಚೆಂದ. ಆದರೆ ಆ ಕಾಯಿ ನನ್ನದಲ್ಲ, ಅವರ ಸಂಗ್ರಹದ್ದು. ನಿಮ್ಮ ಪೋಸ್ಟರಿನಲ್ಲಿ ಬಳಸಿ, ಅದನ್ನೇ ಬಿಡಿಯಾಗಿ ಹಂಚಬೇಡಿ ಅಂತ ಅವರ ನಿಯಮ. ಸಿಸಿ ಬೈ-ಎಸ್‌ಎ ಹೇಳುವುದು ಇದಕ್ಕೆ ಉಲ್ಟಾ: ಕತ್ತರಿಸಿ, ಬದಲಿಸಿ, ಬೇಕಾದರೆ ಮಾರಿ. ಪಕ್ಕದ ಮನೆಯವರು ಹಬ್ಬಕ್ಕೆ ಅಂತ ಕೊಟ್ಟ ಹಂಡೆಯನ್ನು ನಾನು ದೇವಸ್ಥಾನಕ್ಕೆ ದಾನ ಮಾಡಿದರೆ ಹೇಗೆ? ಚಿತ್ರವನ್ನು ಅಲ್ಲೇ ಬಿಟ್ಟೆ.

ಎರಡನೆಯದು ಕ್ರಿಟಾ, ಬ್ರಷ್ಷಿನಲ್ಲಿ ಬರೆದ ಹಾಗೆ ಚಿತ್ರ ಬರೆಯುವಂಥದ್ದು. ಇದು ಜಿಪಿಎಲ್ 3 ಲೈಸೆನ್ಸಿನ ಸಾಫ್ಟ್‌ವೇರ್, ಅಂದರೆ ಅದನ್ನು ಬದಲಿಸಿ ಹಂಚಿದರೆ ಅದೇ ಲೈಸೆನ್ಸಿನಲ್ಲೇ ಹಂಚಬೇಕು. ‘ಹಾಗಾದರೆ ನನ್ನ ಚಿತ್ರವೂ ಜಿಪಿಎಲ್ ಆಗುತ್ತಾ?’ ಅಂತ ಹೆದರುವವರಿದ್ದಾರೆ. ನಾನೂ ಹೆದರಿದ್ದೆ. ಆಗುವುದಿಲ್ಲ. ಆ ಲೈಸೆನ್ಸ್ ಪ್ರೋಗ್ರಾಮಿನ ಕೋಡಿಗೆ, ನೀವು ಬರೆದ ಚಿತ್ರಕ್ಕಲ್ಲ. ಮಚ್ಚು ಯಾರದ್ದೇ ಇರಲಿ, ಒಡೆದ ಕಾಯಿ ನನ್ನದೇ ಅಲ್ವಾ! ಬ್ಲೆಂಡರ್, ಗಿಂಪ್ ಥರದ ಬೇರೆ ಜಿಪಿಎಲ್ ಚಿತ್ರ ಸಾಫ್ಟ್‌ವೇರ್‌ಗಳಿಗೂ ಇದೇ ಮಾತು. ಕ್ರಿಟಾದ ಬ್ರಷ್ಷಿನಲ್ಲಿ ನಾರು ಎಷ್ಟು ಚೆನ್ನಾಗಿ ಬಂತು ಅಂದರೆ, ಬೇಡದಿದ್ದರೂ ಇನ್ನಷ್ಟು ಗೀಚಿದೆ. ತೊಂದರೆ ಬೇರೆ ಕಡೆ. ಪಿಎನ್‌ಜಿ (ಬರೀ ಚುಕ್ಕೆಗಳಿಂದಾದ ಚಿತ್ರದ ಫೈಲ್) ಮಾಡಿದ ಮೇಲೆ ಹೆಸರುಗಳು ಚಿತ್ರಕ್ಕೆ ಅಂಟಿಕೊಂಡು ಬಿಟ್ಟವು. ಲೈಸೆನ್ಸ್ ಪ್ರಕಾರ ಯಾರಾದರೂ ಅದನ್ನು ತುಳುವಿಗೆ ಬದಲಿಸಬಹುದು. ಬದಲಿಸಲು ಕೂತರೆ ಮೊದಲು ಒರೆಸಬೇಕು.

ಮೂರನೆಯದು ಗೆರೆ, ಆಕಾರಗಳಲ್ಲಿ ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ನಾನು ಉಳಿಸಿಕೊಂಡದ್ದು ಇದನ್ನೇ. ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆದರೆ ಲೈಸೆನ್ಸ್ ಅಂತಲೇ ಒಂದು ಟ್ಯಾಬ್ ಇದೆ. ಸಿಸಿ ಲೈಸೆನ್ಸ್ ಆರಿಸಿದರೆ ಅದು ಎಸ್‌ವಿಜಿ (ಗೆರೆ, ಅಕ್ಷರಗಳನ್ನು ಬಿಡಿಬಿಡಿಯಾಗಿ ತಿದ್ದಬಹುದಾದ ಚಿತ್ರ) ಫೈಲಿನ ಒಳಗೇ ಸೇರುತ್ತದೆ. ಚಿತ್ರ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತದೆ. ಒಂದು ಎಚ್ಚರಿಕೆ: ಫೈಲ್ ಚಿಕ್ಕದಾಗಲಿ ಅಂತ ಆಪ್ಟಿಮೈಸ್ಡ್ ಎಸ್‌ವಿಜಿಯಾಗಿ ಉಳಿಸುವಾಗ, ಮೆಟಾಡೇಟಾ (ಚಿತ್ರದ ಬಗ್ಗೆ ಫೈಲಿನಲ್ಲಿರುವ ಮಾಹಿತಿ) ತೆಗೆಯುವ ಆಯ್ಕೆಗೆ ಟಿಕ್ ಹಾಕಿದರೆ ಲೈಸೆನ್ಸೂ ಹೋಯಿತು. ಟಿಕ್ ಹಾಕಿದ್ದು ನಾನೇ, ಸುಮ್ನೆ ಗಡಿಬಿಡಿಯಲ್ಲಿ.

ಜಾಸ್ತಿ ತಲೆ ಕೆಡಿಸಿದ್ದು ಫಾಂಟ್. ನಾನು ಬಳಸಿದ್ದು ನೋಟೋ ಸ್ಯಾನ್ಸ್ ಕನ್ನಡ. ಅದು ಓಪನ್ ಫಾಂಟ್ ಲೈಸೆನ್ಸ್ 1.1ರಲ್ಲಿದೆ. ಆ ಲೈಸೆನ್ಸಿನ ಷರತ್ತು ಫಾಂಟಿಗೆ ಮಾತ್ರ, ಅದರಲ್ಲಿ ಬರೆದ ಚಿತ್ರಕ್ಕೆ ತಾಗುವುದಿಲ್ಲ. ಆದರೆ ಎಸ್‌ವಿಜಿಯಲ್ಲಿ ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟರೆ, ನೋಡುವವರ ಕಡೆ ಆ ಫಾಂಟ್ ಇಲ್ಲದಾಗ ಬೇರೆಯದು ಬಂದು ಕೂರುತ್ತದೆ. ಅಳತೆ ತಪ್ಪಿ ‘ಸಿಪ್ಪೆ’ಯ ಒತ್ತಕ್ಷರ ಗೆರೆಯ ಮೇಲೆ ಬೀಳುತ್ತದೆ. ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಆದರೆ ಮತ್ತೆ ಕ್ರಿಟಾದ ಕಥೆಯೇ: ತಿದ್ದಲು ಬರುವುದಿಲ್ಲ. ನಾನು ಅಕ್ಷರವಾಗಿಯೇ ಬಿಟ್ಟೆ. ಹೆಸರಿನ ಸುತ್ತ ಸ್ವಲ್ಪ ಜಾಗ ಜಾಸ್ತಿ ಕೊಟ್ಟೆ.

ಹಾಗಂತ ಇಂಕ್‌ಸ್ಕೇಪ್ ಪವಾಡ ಮಾಡುವುದಿಲ್ಲ. ಬೇರೆಯವರ ಕಾಯಿಯನ್ನು ತಂದು ಅದರಲ್ಲಿ ಅಂಟಿಸಿದರೆ ಮೊದಲನೇ ತಾಣದ ಫಜೀತಿಯೇ. ಬಿಟ್ಟಿ ಚಿತ್ರ ಸಿಗುವ ಪಿಕ್ಸಾಬೇ ತಾಣದ ಚಿತ್ರಗಳು ಮೊದಲು ಸಿಸಿ ಝೀರೋ ಆಗಿದ್ದವು. 2019ರ ಜನವರಿಯಿಂದ ತಾಣಕ್ಕೆ ಅದರದ್ದೇ ಲೈಸೆನ್ಸ್ ಬಂತು, ಆಮೇಲಿನವನ್ನು ಕಾಮನ್ಸ್ ತೆಗೆದುಕೊಳ್ಳುವುದಿಲ್ಲ. ಹಳೆಯ ನೆನಪಲ್ಲಿ ನಾನೂ ಒಂದು ಇಳಿಸಿಕೊಂಡಿದ್ದೆ, ತಾರೀಖು ನೋಡಿ ಅಳಿಸಿದೆ.

ಮಕ್ಕಳಿರುವವರಿಗೆ ಒಂದು ಮಾತು. ಮಕ್ಕಳು ಪ್ರೋಗ್ರಾಮ್ ಬರೆಯಲು ಕಲಿಯುವ ಸ್ಕ್ರ್ಯಾಚ್ ತಾಣದಲ್ಲಿ ಪ್ರಾಜೆಕ್ಟ್ ಶೇರ್ ಮಾಡಿದರೆ ಅದು ತಾನಾಗಿಯೇ ಸಿಸಿ ಬೈ-ಎಸ್‌ಎ 2.0 ಆಗುತ್ತದೆ. ಆಯ್ಕೆ ಕೇಳುವುದಿಲ್ಲ. ನನಗಂತೂ ಇದು ಇಷ್ಟ, ಆದರೆ ಮಗುವಿಗೆ ಮೊದಲೇ ಹೇಳಿಡಿ.

ನನ್ನ ಕಾಯಿ ಸಿಸಿ ಬೈ-ಎಸ್‌ಎ 4.0ರಲ್ಲಿ ಕಾಮನ್ಸ್‌ಗೆ ಹೋಯಿತು. ನಾರು ಪೊರಕೆ ಥರ ಕಾಣುತ್ತದೆ, ಕ್ರಿಟಾದಷ್ಟು ಚೆನ್ನಾಗಿಲ್ಲ. ಮೂರು ಕಣ್ಣು ಬಿಡಿಸಲು ಮರೆತೇ ಹೋಯಿತು. ಯಾರಾದರೂ ಬಿಡಿಸಿ ಸೇರಿಸಬಹುದು, ನನ್ನನ್ನು ಕೇಳಬೇಕಾಗಿಲ್ಲ.